ಪಿಟ್ಲೆಸ್ಸಿ ಜಾತ್ರೆ ನೋಡಿ ನಮ್ಮೂರ ಸಂತೆ ಬಿಡಿಸುವುದು ಹೇಗೆ

ನಾನು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮಕ್ಕಳು ಅಕ್ಕೋರು ಅಂತ ಕರೆಯುತ್ತಾರೆ. ಪ್ರತಿ ಜೂನ್‌ನಲ್ಲಿ ಒಂಬತ್ತನೇ ಕ್ಲಾಸಿಗೆ ಹೋಗಿ, ನಿಮ್ಮೂರಿನ ಚಿತ್ರ ಬಿಡಿಸಿ ಅನ್ನುತ್ತೇನೆ. ಮೂವತ್ತು ಹಾಳೆ ಬರುತ್ತವೆ. ಮೂವತ್ತರಲ್ಲೂ ಎರಡು ಹಸಿರು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ. ನಮ್ಮೂರಲ್ಲಿ ಗುಡ್ಡವೂ ಇಲ್ಲ, ಹೊಳೆಯೂ ಇಲ್ಲ. ಕಣ್ಣು ಹಾಯುವಷ್ಟು ದೂರ ತೊಗರಿ ಹೊಲ, ಕರಿ ಮಣ್ಣು, ಪರಸಿ ಕಲ್ಲಿನ ಮನೆಗಳು. ಅದು ಒಂದು ಹಾಳೆಯಲ್ಲೂ ಇರುವುದಿಲ್ಲ. ಜನರಂತೂ ಇರುವುದೇ ಇಲ್ಲ.

ಆವಾಗ ನಾನು ಡೇವಿಡ್ ವಿಲ್ಕಿಯ ಕಥೆ ಹೇಳುತ್ತೇನೆ. ವಿಲ್ಕಿ ಸ್ಕಾಟ್ಲೆಂಡಿನ ಚಿತ್ರಕಾರ. ರಾಜರನ್ನೂ ದೇವರನ್ನೂ ಬಿಟ್ಟು ಹಳ್ಳಿ ಮನೆ, ಸಂತೆ, ಮದುವೆ, ಬಾಡಿಗೆ ಕಟ್ಟುವ ದಿನ, ಪಿಟೀಲು ಕೇಳುವ ಸಂಜೆ ಇಂಥವನ್ನು ಬಿಡಿಸಿ ಹೆಸರು ಮಾಡಿದವನು. ಹುಟ್ಟಿದ್ದು 1785ರಲ್ಲಿ, ಫೈಫ್ ಎಂಬ ಸೀಮೆಯ ಕಲ್ಟ್ಸ್ ಎಂಬ ಸಣ್ಣ ಊರಲ್ಲಿ. ಅಪ್ಪ ಅಲ್ಲಿಯ ಚರ್ಚಿನ ಪಾದ್ರಿ. ಹತ್ತಿರದ ಹಳ್ಳಿ ಪಿಟ್ಲೆಸ್ಸಿ. 1804ರಲ್ಲಿ, ಇನ್ನೂ 18 ತುಂಬಿ 19 ನಡೆಯುವಾಗ, ವಿಲ್ಕಿ ಆ ಹಳ್ಳಿಯ ಜಾತ್ರೆಯನ್ನು ಒಂದು ಕ್ಯಾನ್ವಾಸಿನ ಮೇಲೆ ತಂದ. ಅದರಲ್ಲಿ ಸುಮಾರು 140 ಜನ. ಕ್ಯಾನ್ವಾಸ್ ಅಗಲ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ, ಎತ್ತರ 60 ಸೆಂಟಿಮೀಟರಿಗೂ ಕಡಿಮೆ. ನಮ್ಮ ಕ್ಲಾಸಿನ ಡೆಸ್ಕಿನಷ್ಟು ಜಾಗ ಅಷ್ಟೇ.

ಅದೇ ದಾರಿಯಲ್ಲಿ ನಿಮ್ಮೂರ ಸಂತೆಯನ್ನು ಬಿಡಿಸುವುದು ಹೇಗೆ ಅಂತ ಇಲ್ಲಿ ಬರೆಯುತ್ತೇನೆ. ನಾನು ಮಕ್ಕಳಿಗೆ ಹೇಳಿಕೊಡುವುದು ಹೀಗೆಯೇ. ವಾರಕ್ಕೆ ಒಂದು ಸಂತೆ ಲೆಕ್ಕದಲ್ಲಿ ಆರು ವಾರ ಬೇಕು. ದುಬಾರಿ ಸಾಮಾನು ಯಾವುದೂ ಬೇಡ.

ಮೊದಲು ನೋಡುವುದು

ಮೊದಲ ವಾರ ಸಂತೆಯ ಚಿತ್ರಕ್ಕೆ ಕೈ ಹಾಕಬೇಡಿ. ಪಿಟ್ಲೆಸ್ಸಿ ಜಾತ್ರೆಯ ಮೂಲ ಚಿತ್ರ ಎಡಿನ್‌ಬರೊದಲ್ಲಿ, ಸ್ಕಾಟ್ಲೆಂಡಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಅದನ್ನು ಹಿಗ್ಗಿಸಿ ನೋಡಬಹುದು. ಫೋನಿನಲ್ಲಿ ಇಡೀ ಚಿತ್ರ ನೋಡಿದರೆ ಬರೀ ಇರುವೆ ಸಾಲು ಕಂಡಂತಾಗುತ್ತದೆ. ಅದಕ್ಕೆ ಒಂದು ಮೂಲೆಯಿಂದ ಶುರು ಮಾಡಿ, ಹಿಗ್ಗಿಸಿ, ಬೆರಳಿನಿಂದ ನಿಧಾನವಾಗಿ ಸರಿಸುತ್ತಾ ಹೋಗಿ. ಮನೆಗಳ ನಡುವಿನ ಬೀದಿ, ದನ, ನಾಯಿ, ಮಾರುವವರು, ಕುಡಿಯುವವರು, ಕಾಲಡಿ ಆಡುವ ಮಕ್ಕಳು ಕಾಣುತ್ತಾರೆ.

ಈಗ ಎಣಿಸಿ. ಜನರನ್ನಲ್ಲ, ಗುಂಪುಗಳನ್ನು. ನೂರಾ ನಲವತ್ತು ಜನ ಬಿಡಿಬಿಡಿಯಾಗಿ ನಿಂತಿಲ್ಲ. ಮೂವರು, ನಾಲ್ವರು, ಐವರು ಸೇರಿ ಸಣ್ಣ ಸಣ್ಣ ಗುಂಪು. ಪ್ರತಿ ಗುಂಪಿಗೂ ತನ್ನದೇ ಒಂದು ಕೆಲಸ, ಒಂದು ಮಾತು. ನಮ್ಮ ಸಂತೆಯೂ ಹಾಗೇ ಅಲ್ವಾ? ಮೆಣಸಿನಕಾಯಿ ಹತ್ತಿರ ಚೌಕಾಸಿ, ಬಳೆ ಅಂಗಡಿ ಮುಂದೆ ಅಕ್ಕತಂಗಿಯರು, ಮಿರ್ಚಿ ಭಜಿ ಬಾಣಲೆ ಸುತ್ತ ಗಂಡಸರು. ಒಂದು ಹಾಳೆಯಲ್ಲಿ ವಿಲ್ಕಿಯ ಗುಂಪುಗಳನ್ನು ಬರೀ ಉದ್ದಗೋಲ, ಚೌಕಗಳಾಗಿ ಗೀಚಿಕೊಳ್ಳಿ. ಗುಂಪು ನಡುವೆ ಖಾಲಿ ಜಾಗ ಎಲ್ಲಿ ಬಿಟ್ಟಿದ್ದಾನೆ ಅನ್ನುವುದನ್ನೂ ಗುರುತು ಹಾಕಿ. ಆ ಖಾಲಿ ಜಾಗ ಇಲ್ಲದಿದ್ದರೆ ಕಣ್ಣು ಒಳಗೆ ನಡೆದು ಹೋಗುವುದಿಲ್ಲ.

ಅವನು ಯಾರನ್ನು ನೋಡಿ ಕಲಿತ

ಇದು ತಿಳಿದಿದ್ದರೆ ನಿಮಗೂ ಧೈರ್ಯ ಬರುತ್ತದೆ. ಓದಲು ಕಲಿಯುವ ಮೊದಲೇ ಚಿತ್ರ ಬಿಡಿಸುತ್ತಿದ್ದೆ ಅಂತ ವಿಲ್ಕಿ ಹೇಳುತ್ತಿದ್ದನಂತೆ. 1799ರಲ್ಲಿ ಎಡಿನ್‌ಬರೊದ ಟ್ರಸ್ಟೀಸ್ ಅಕಾಡೆಮಿ ಎಂಬ ಚಿತ್ರಶಾಲೆಗೆ ಸೇರಲು ಹೋದಾಗ ಅವನ ಚಿತ್ರಗಳನ್ನು ನೋಡಿ ಅಲ್ಲಿಯ ಕಾರ್ಯದರ್ಶಿ ಬೇಡ ಅಂದುಬಿಟ್ಟ. ಕೊನೆಗೆ ಊರ ಕಡೆಯ ದೊಡ್ಡವರೊಬ್ಬರ ಪತ್ರದಿಂದ ಸೀಟು ಸಿಕ್ಕಿತು. ಜಾನ್ ಗ್ರಹಾಂ ಅಲ್ಲಿ ಗುರು. ಪ್ಲಾಸ್ಟರಿನ ಹಳೆಯ ಮೂರ್ತಿಗಳನ್ನು ನೋಡಿ ಕೈ, ಕಾಲು, ತಲೆ ಬಿಡಿಸುವುದು ಪಾಠ.

ಅಲ್ಲಿ ಬಿಡಿಸಿದ ಒಂದು ಪಾದದ ಚಿತ್ರವನ್ನು ವಿಲ್ಕಿ ಊರಿಗೆ ಕಳಿಸಿದ. ಚರ್ಚಿನ ಹಿರಿಯನೊಬ್ಬ ಅದನ್ನು ನೋಡಿ ಇದೇನು ಅಂತ ಕೇಳಿದ. ಪಾದ ಅಂದರು. ಪಾದಕ್ಕಿಂತ ಇದು ಚಪ್ಪಟೆ ಮೀನಿನ ಹಾಗೆ ಜಾಸ್ತಿ ಕಾಣುತ್ತದೆ ಅಂದನಂತೆ. ಈ ಕಥೆ ಹೇಳಿದ ದಿನ ನಮ್ಮ ಮಕ್ಕಳು ತುಂಬಾ ನಗುತ್ತಾರೆ. ಆಮೇಲೆ ತಮ್ಮ ತಮ್ಮ ಪಾದ ನೋಡಿ ಬಿಡಿಸಲು ಕೂರುತ್ತಾರೆ. ನೀವೂ ಕೂರಿ. ಚಪ್ಪಲಿ ಬಿಟ್ಟು, ಕಾಲು ಮುಂದೆ ಚಾಚಿ, ಹೆಬ್ಬೆರಳಿನಿಂದ ಹಿಮ್ಮಡಿವರೆಗೆ. ಹತ್ತು ಸಲ ಬಿಡಿಸಿ. ಸಂತೆಯಲ್ಲಿ ಅರ್ಧ ಜನ ನೆಲದ ಮೇಲೆ ಕೂತಿರುತ್ತಾರೆ, ಪಾದ ಬಿಡಿಸಲು ಬಾರದಿದ್ದರೆ ಕೆಲಸ ಸಾಗುವುದಿಲ್ಲ.

ಅದೇ ಅಕಾಡೆಮಿಯಲ್ಲಿ ವಿಲ್ಕಿಗಿಂತ ಮೊದಲು ಡೇವಿಡ್ ಅಲನ್ ಗುರುವಾಗಿದ್ದ. ಅಲನ್ ತೀರಿಕೊಂಡಿದ್ದು 1796ರಲ್ಲಿ, ವಿಲ್ಕಿ ಬರುವ ಮೂರು ವರ್ಷ ಮೊದಲು. ಹಾಗಾಗಿ ಗುರು ಕಣ್ಣಿಗೆ ಸಿಗಲಿಲ್ಲ, ಗುರುವಿನ ಕೆಲಸ ಸಿಕ್ಕಿತು. ಸ್ಕಾಟ್ಲೆಂಡಿನ ಕುರುಬರ ಬದುಕಿನ ಒಂದು ನಾಟಕಕ್ಕೆ ಅಲನ್ ಮಾಡಿದ ಚಿತ್ರಗಳು 1788ರಲ್ಲಿ ಅಚ್ಚಾಗಿದ್ದವು. ಹಳ್ಳಿ ಮದುವೆಯ ಕುಣಿತವನ್ನೂ ಅಲನ್ ಬಿಡಿಸಿದ್ದ. ಹಳ್ಳಿ ಜನರ ಬದುಕೂ ಚಿತ್ರಕ್ಕೆ ತಕ್ಕ ವಿಷಯ ಎಂದು ವಿಲ್ಕಿಗೆ ತನ್ನ ನಾಡಿನವನಿಂದಲೇ ಗೊತ್ತಾಯಿತು. ಇನ್ನೊಂದು ಕಡೆ ಟೆನಿಯರ್ಸ್, ಆಸ್ಟಾಡೆ ಎಂಬ 17ನೇ ಶತಮಾನದ ಚಿತ್ರಕಾರರು. ಅವರು ಹಾಲೆಂಡ್, ಬೆಲ್ಜಿಯಂ ಕಡೆಯ ಹೆಂಡದ ಮನೆ, ರೈತರ ಕುಣಿತ ಬಿಡಿಸಿದವರು. ಹಳ್ಳಿ ಹುಡುಗನ ಕೈಗೆ ಅವರ ಮೂಲ ಚಿತ್ರಗಳು ಎಲ್ಲಿಂದ ಬರಬೇಕು? ಅಚ್ಚಿನ ಪ್ರತಿಗಳನ್ನು ನೋಡಿ ಕಲಿತ.

ನಮಗೂ ಅಷ್ಟೇ. ಕಲಬುರಗಿಯಲ್ಲೇ ಹುಟ್ಟಿದ ಎಸ್. ಎಂ. ಪಂಡಿತರ ಚಿತ್ರಗಳು ನಮ್ಮ ಮನೆ ಮನೆಗೆ ಬಂದದ್ದು ಕ್ಯಾಲೆಂಡರ್ ಆಗಿ. ನಾನು ಮೊದಲು ಮುಖ ಬಿಡಿಸಲು ಕಲಿತದ್ದು ಗೋಡೆಯ ಕ್ಯಾಲೆಂಡರ್ ನೋಡಿಯೇ. ಮೂಲ ಚಿತ್ರ ನೋಡಲು ಆಗಲಿಲ್ಲ ಅಂತ ಕೊರಗಬೇಡಿ. ಆದರೆ ಅಚ್ಚು ನೋಡಿ ಕಲಿತದ್ದನ್ನು ಅಲ್ಲೇ ಬಿಡಬೇಡಿ, ಅದನ್ನು ತೆಗೆದುಕೊಂಡು ಬೀದಿಗೆ ಹೋಗಿ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಮೊದಲ ವರ್ಷ ವಿಲ್ಕಿಯ 'ಕುರುಡ ಪಿಟೀಲುಗಾರ' ಚಿತ್ರದ ಪ್ರಿಂಟ್ ತೆಗೆಸಿ, ಇದನ್ನೇ ನೋಡಿ ಹಾಗೇ ಬಿಡಿಸಿ ಅಂತ ಮಕ್ಕಳಿಗೆ ಕೊಟ್ಟೆ. ಎರಡು ವಾರ ಚೌಕಳಿ ಹಾಕಿ ಬಿಡಿಸಿದರು. ಅಳತೆ ಸರಿ ಇತ್ತು. ಒಂದು ಮುಖದಲ್ಲೂ ಜೀವ ಇರಲಿಲ್ಲ. ಒಬ್ಬ ಹುಡುಗಿ ಮಾತ್ರ ಪಿಟೀಲುಗಾರನ ಟೋಪಿ ತೆಗೆದು ರುಮಾಲು ಸುತ್ತಿದ್ದಳು, ಗದ್ದಕ್ಕೆ ಬಿಳಿ ಕುರುಚಲು ಗಡ್ಡ ಇಟ್ಟಿದ್ದಳು. "ಅಕ್ಕೋರೆ, ಇದು ನಮ್ಮ ಮುತ್ಯಾ ಆಗ್ಯಾನ ನೋಡ್ರಿ" ಅಂದಳು. ನಿಜವಾಗಿಯೂ ಮುತ್ಯಾನೇ. ಇಡೀ ಕ್ಲಾಸು ಗುರುತು ಹಿಡಿಯಿತು. ಅವತ್ತಿನಿಂದ ನಾನು ನಕಲು ಮಾಡಿಸುವುದನ್ನು ಬಿಟ್ಟೆ.

ಮುಖಗಳನ್ನು ಕೂಡಿಹಾಕುವುದು

ಎರಡನೇ ಮತ್ತು ಮೂರನೇ ವಾರ ಪೂರ್ತಿ ಇದಕ್ಕೇ. ಅಂಗೈಯಷ್ಟು ದೊಡ್ಡ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದೊಡ್ಡ ಡ್ರಾಯಿಂಗ್ ಬುಕ್ ಹಿಡಿದು ನಿಂತರೆ ಜನ ಸುತ್ತ ಸೇರುತ್ತಾರೆ, ಕೂತವರು ಸೆರಗು ಸರಿ ಮಾಡಿಕೊಂಡು ಫೋಟೋಗೆ ಕೂತ ಹಾಗೆ ಬಿಗಿಯಾಗುತ್ತಾರೆ. ವಿಲ್ಕಿ ಎಡಿನ್‌ಬರೊದಲ್ಲಿದ್ದಾಗಲೂ ಸಂತೆ, ಜಾತ್ರೆ, ದನದ ಪೇಟೆ ಸುತ್ತುತ್ತಿದ್ದ ಅಂತ ಜೊತೆಗೆ ಓದಿದ ಗೆಳೆಯ ಬರ್ನೆಟ್ ನೆನೆಸಿಕೊಂಡಿದ್ದಾನೆ. ಊರಿಗೆ ಬಂದು ಪಿಟ್ಲೆಸ್ಸಿ ಚಿತ್ರ ಶುರು ಮಾಡಿದಾಗ ಅಪ್ಪನ ಚರ್ಚಿನಲ್ಲಿ ಪ್ರವಚನದ ಹೊತ್ತಿಗೆ ತೂಕಡಿಸುವವರ ಮುಖಗಳನ್ನು ಗುಟ್ಟಾಗಿ ಗೀಚಿಕೊಳ್ಳುತ್ತಿದ್ದ.

ನಮ್ಮಲ್ಲಿ ಇದಕ್ಕೆ ಶ್ರಾವಣ ಮಾಸಕ್ಕಿಂತ ಒಳ್ಳೆಯ ಕಾಲ ಇಲ್ಲ. ರಾತ್ರಿ ಗುಡಿಯಲ್ಲಿ ಪುರಾಣ ನಡೆಯುತ್ತದೆ. ಹಗಲೆಲ್ಲ ಹೊಲದಲ್ಲಿ ದುಡಿದವರು ಕಂಬಕ್ಕೆ ಒರಗಿರುತ್ತಾರೆ. ಒಬ್ಬರ ತಲೆ ಎದೆ ಮೇಲೆ ಬಿದ್ದಿರುತ್ತದೆ, ಇನ್ನೊಬ್ಬರ ಬಾಯಿ ಸ್ವಲ್ಪ ತೆರೆದಿರುತ್ತದೆ. ಹತ್ತು ನಿಮಿಷ ಅಲುಗಾಡುವುದಿಲ್ಲ. ಕಲಿಯುವವರಿಗೆ ಇಂಥ ಮಾಡೆಲ್ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಒಂದು ಮಾತು. ವಿಲ್ಕಿಯ ಹಾಗೆ ಗುಟ್ಟಾಗಿ ಗೀಚಿದ್ದರೂ ಆಮೇಲೆ ಅವರಿಗೆ ತೋರಿಸಿ. "ಕಾಕಾ, ನಿಮ್ಮ ಮುಖ ಬಿಡಿಸೀನ್ರಿ, ಚಿತ್ರದಾಗ ಹಾಕ್ಲೇನ್ರಿ?" ಅಂತ ಕೇಳಿ. ಬೇಡ ಅಂದರೆ ಆ ಹಾಳೆ ಹರಿದು ಅವರ ಕೈಗೇ ಕೊಡಿ. ಹೆಣ್ಣುಮಕ್ಕಳನ್ನು ಬಿಡಿಸುವ ಮೊದಲೇ ಕೇಳಬೇಕು. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ನಮ್ಮ ಅವ್ವ ಇಪ್ಪತ್ತು ವರ್ಷ ಸಂತೆಯಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ ಮಾರಿದವಳು. ಯಾರೋ ಬಂದು ಕೇಳದೆ ಫೋಟೋ ತೆಗೆದುಕೊಂಡು ಹೋದರೆ ಅವಳ ಮುಖ ಸಣ್ಣದಾಗುತ್ತಿತ್ತು. ಪಕ್ಕದ ಗೋಣಿತಟ್ಟಿನ ಮೇಲೆ ಕೂತು ನಾನು ಅದನ್ನು ನೋಡಿದ್ದೇನೆ.

ಎರಡು ವಾರದಲ್ಲಿ ನಲವತ್ತು ಮುಖ ಆಗಬೇಕು. ಚೆಂದ ಬರುವುದು ಮುಖ್ಯ ಅಲ್ಲ. ಒಂದೊಂದರ ಕೆಳಗೆ ಒಂದು ಸಾಲು ಬರೆಯಿರಿ. 'ಈರುಳ್ಳಿ ಕಾಕಾ, ಮಾತಾಡುವಾಗ ಎಡಗಣ್ಣು ಮುಚ್ಚುತ್ತಾರೆ.' 'ಬಳೆಗಾರ್ತಿ, ಗಿರಾಕಿಯ ಕೈ ಹಿಡಿದೇ ಬೇರೆಯವರ ಜೊತೆ ಮಾತು.' ಈ ಸಾಲುಗಳು ಮುಂದೆ ಮುಖಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತವೆ. ಭಾವ ಸರಿಯಾಗಿ ಸಿಗದಿದ್ದರೆ ಕನ್ನಡಿ ಮುಂದೆ ಕೂತು ನೀವೇ ಆ ಮುಖ ಮಾಡಿ ನೋಡಿ. ವಿಲ್ಕಿ ಕೂಡ ತನ್ನನ್ನೇ ಮಾಡೆಲ್ ಮಾಡಿಕೊಳ್ಳುತ್ತಿದ್ದ.

ಮಣ್ಣಿನ ಗೊಂಬೆ, ಶೂ ಡಬ್ಬಿ

1805ರಲ್ಲಿ ವಿಲ್ಕಿ ಲಂಡನ್ನಿಗೆ ಹೋದ. ಪಿಟ್ಲೆಸ್ಸಿ ಜಾತ್ರೆ 25 ಪೌಂಡಿಗೆ ಮಾರಾಟವಾಗಿತ್ತು. ಲಂಡನ್ನಿನಲ್ಲಿ ಅವನು ರೂಢಿ ಮಾಡಿಕೊಂಡ ಒಂದು ಉಪಾಯ ನನಗೆ ತುಂಬಾ ಇಷ್ಟ. ಒಂದು ಪೆಟ್ಟಿಗೆಯನ್ನು ಕೋಣೆಯ ಹಾಗೆ ಮಾಡಿ, ಅದರೊಳಗೆ ಮಣ್ಣಿನ ಸಣ್ಣ ಗೊಂಬೆಗಳನ್ನು ನಿಲ್ಲಿಸಿ, ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಿದ್ದ.

ನಾಲ್ಕನೇ ವಾರ ಇದನ್ನು ಮಾಡಿ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ ಅವು. ಹೊಲದ ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ಅದಕ್ಕೆ ಹಸಿಯಾಗಿದ್ದಾಗಲೇ ಕೆಲಸ ಮುಗಿಸಿ. ಇಲ್ಲವೇ ಕುಂಬಾರರ ಹತ್ತಿರ ಒಂದು ಉಂಡೆ ಕೇಳಿ ತನ್ನಿ. ಬೆರಳುದ್ದದ ಗೊಂಬೆ ಸಾಕು. ಕಣ್ಣು ಮೂಗು ಬೇಡ. ಕೂತಿದ್ದಾರೋ ನಿಂತಿದ್ದಾರೋ, ಯಾವ ಕಡೆ ಬಾಗಿದ್ದಾರೆ ಅಷ್ಟು ಗೊತ್ತಾದರೆ ಆಯಿತು. ಹನ್ನೆರಡು ಗೊಂಬೆ, ಎರಡು ಎತ್ತು.

ಶೂ ಡಬ್ಬಿಯ ಒಂದು ಉದ್ದದ ಬದಿಯನ್ನು ಕತ್ತರಿಸಿ ತೆಗೆಯಿರಿ. ಅದು ನೀವು ನೋಡುವ ಕಡೆ. ಎಡಗಡೆ ಗೋಡೆಯ ಮೇಲ್ಭಾಗದಲ್ಲಿ ಅಂಗೈ ಅಗಲ ಕಿಂಡಿ ಕೊರೆಯಿರಿ. ಕೋಣೆ ಕತ್ತಲು ಮಾಡಿ ಆ ಕಿಂಡಿಯಿಂದ ಫೋನಿನ ಟಾರ್ಚ್ ಬಿಡಿ. ಗೊಂಬೆಗಳನ್ನು ಹಿಂದೆ ಮುಂದೆ ಸರಿಸಿ. ಒಂದು ಗುಂಪಿನ ನೆರಳು ಇನ್ನೊಂದು ಗುಂಪಿನ ಕಾಲ ಮೇಲೆ ಬಿದ್ದ ಕೂಡಲೇ ಎರಡೂ ಗುಂಪು ಒಂದೇ ಜಾಗದಲ್ಲಿ ಇದ್ದ ಹಾಗೆ ಕಾಣಲು ಶುರುವಾಗುತ್ತದೆ. ಆ ಕ್ಷಣ ಮಕ್ಕಳು ಉಸಿರು ಬಿಗಿ ಹಿಡಿಯುತ್ತಾರೆ. ಅಲ್ಲೇ ನಿಲ್ಲಿಸಿ ಗೀಚಿಕೊಳ್ಳಿ. ಬಯಲು ಸಂತೆಯಾದರೆ ಡಬ್ಬಿಯ ಮೇಲ್ಭಾಗ ತೆಗೆದು, ಮೇಲಿನಿಂದ ಟಾರ್ಚ್ ಹಿಡಿಯಿರಿ. ಆವಾಗ ನಮ್ಮ ಮಧ್ಯಾಹ್ನದ ಬಿಸಿಲು ಬರುತ್ತದೆ, ನೆರಳು ಕಾಲ ಕೆಳಗೇ ಬೀಳುತ್ತದೆ.

ಗುಂಪನ್ನು ಜೋಡಿಸುವುದು

ಈ ಹಂತದಲ್ಲಿ 'ಕುರುಡ ಪಿಟೀಲುಗಾರ'ನನ್ನು ಮತ್ತೆ ತೆಗೆಯಿರಿ. 1806ರ ಚಿತ್ರ. ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿದೆ. ಎಡಗಡೆ ಕುರುಡ ಮುದುಕ ಪಿಟೀಲು ಬಾರಿಸುತ್ತಿದ್ದಾನೆ. ತಾಯಿಯ ತೊಡೆಯ ಮೇಲೆ ಕೂಸು. ಅಪ್ಪ ಚಿಟಿಕೆ ಹೊಡೆದು ಆಡಿಸುತ್ತಿದ್ದಾನೆ. ಬಲಗಡೆ ಒಬ್ಬ ಹುಡುಗ ಒಲೆ ಊದುವ ತಿದಿಯನ್ನೇ ಪಿಟೀಲು ಮಾಡಿಕೊಂಡು ಮುದುಕನ ಹಾಗೆ ಬಾರಿಸುವ ಆಟ ಆಡುತ್ತಿದ್ದಾನೆ. ಒಂದೇ ಸದ್ದು, ಆದರೆ ಒಬ್ಬೊಬ್ಬರು ಒಂದೊಂದು ರೀತಿ ಕೇಳುತ್ತಿದ್ದಾರೆ. ಪಿಟ್ಲೆಸ್ಸಿಯ 140 ಜನರಿಂದ ಈ ಒಂದು ಕೋಣೆಗೆ ಬರಲು ವಿಲ್ಕಿಗೆ ಬೇಕಾದದ್ದು ಎರಡೇ ವರ್ಷ. ನನ್ನ ಮಟ್ಟಿಗೆ ಅವನ ಇಡೀ ಜೀವನದಲ್ಲಿ ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ.

ಇದರ ನಡುವೆಯೇ ಬಂದದ್ದು 'ಹಳ್ಳಿಯ ರಾಜಕಾರಣಿಗಳು'. ಹೆಂಡದ ಮನೆಯಲ್ಲಿ ಪೇಪರ್ ಓದಿ ವಾದ ಮಾಡುವ ಗಂಡಸರು. 1806ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಅದನ್ನು ನೋಡಿ ಲಂಡನ್ ಅವನ ಹೆಸರು ಕಲಿಯಿತು. ನಮ್ಮ ಚಹಾ ಅಂಗಡಿ ಮುಂದೆ ಬೆಳಿಗ್ಗೆ ಏಳಕ್ಕೆ ಹೋಗಿ ನಿಂತರೆ ಅದೇ ಚಿತ್ರ ನಡೆಯುತ್ತಿರುತ್ತದೆ, ಕೈ ಬೀಸುವುದೂ ಅದೇ. 'ಕುರುಡ ಪಿಟೀಲುಗಾರ'ನನ್ನು ಬರೆಸಿದವನು ಸರ್ ಜಾರ್ಜ್ ಬೋಮಾಂಟ್. ಹಿಂದಿನ ಕಾಲದ ದೊಡ್ಡ ಚಿತ್ರಕಾರ ಹೊಗಾರ್ತ್ ಬಳಸಿದ್ದ, ಬಣ್ಣ ಹಚ್ಚುವಾಗ ಕೈ ಊರುವ ಕೋಲನ್ನು ವಿಲ್ಕಿಗೆ ಕಾಣಿಕೆ ಕೊಟ್ಟ. ಕಲಬುರಗಿಯಲ್ಲಿ ಅಂಗಡಿ ಬೋರ್ಡ್ ಬರೆಯುವವರ ಕೈಯಲ್ಲಿ ಅಂಥ ಕೋಲು ನೀವು ನೋಡಿರುತ್ತೀರಿ. ಒಂದು ತುದಿಗೆ ಬಟ್ಟೆ ಸುತ್ತಿ ಎಡಗೈಯಲ್ಲಿ ಹಿಡಿದು, ಅದರ ಮೇಲೆ ಬಲಗೈ ಊರಿ ಅಕ್ಷರ ಬರೆಯುತ್ತಾರೆ. ಸಣ್ಣ ಮುಖ ಬಿಡಿಸಲು ನೀವೂ ಒಂದು ಮಾಡಿಕೊಳ್ಳಿ. ತೊಗರಿ ಕಟ್ಟಿಗೆ ಸಾಕು.

ಈಗ ಜೋಡಣೆ. ಸಂತೆಯಲ್ಲಿ ಒಂದು ಸಂಗತಿ ಆರಿಸಿ, ಅದಕ್ಕೆ ಎಲ್ಲರೂ ಒಂದೊಂದು ರೀತಿ ತಿರುಗಲಿ. ಹೋದ ವರ್ಷ ನಮ್ಮ ಮಕ್ಕಳು ಆರಿಸಿದ್ದು ತಕ್ಕಡಿ. ಈರುಳ್ಳಿ ತೂಗುತ್ತಿದ್ದಾರೆ. ಕೊಳ್ಳುವ ಅಕ್ಕ ಮುಳ್ಳು ನೋಡುತ್ತಾಳೆ, ಅವಳ ಮಗ ಉರುಳಿ ಬಿದ್ದ ಈರುಳ್ಳಿ ನೋಡುತ್ತಾನೆ, ಪಕ್ಕದ ಅಂಗಡಿಯವ ಗಿರಾಕಿಯನ್ನು ನೋಡುತ್ತಾನೆ. ಹಿಂದೆ ಟಂಟಂ ಇಳಿಯುವ ಜನ, ಎತ್ತಿನ ಕೊಂಬು, ಬೆಂಡು ಬತ್ತಾಸಿನ ಗುಡ್ಡೆ. ಎಲ್ಲಿ ಕೂತು ನೋಡುತ್ತೀರಿ ಅನ್ನುವುದೂ ಮುಖ್ಯ. ಗೋಣಿತಟ್ಟಿನ ಮೇಲೆ ಕೂತರೆ ಬರೀ ಕಾಲುಗಳು ಕಾಣುತ್ತವೆ. ಗುಡಿ ಕಟ್ಟೆ ಮೇಲೆ ಕೂತರೆ ಹಿಂದಿನವರ ತಲೆಯೂ ಕಾಣುತ್ತದೆ. ಜನ ಜಾಸ್ತಿ ಬೇಕಾದರೆ ಕಟ್ಟೆ ಹತ್ತಿ.

ಬಣ್ಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಿಲ್ಕಿಯ ಕಂದು, ಮಬ್ಬು ಬಣ್ಣ ಅವನ ನಾಡಿನ ಬೆಳಕಿಗೆ, ಅವನು ನೋಡಿದ ಹಳೆಯ ಚಿತ್ರಗಳಿಗೆ ಸೇರಿದ್ದು. ಅದನ್ನು ತರಬೇಡಿ. ಅರ್ಧ ಇಂಪೀರಿಯಲ್ ಅಳತೆಯ ದಪ್ಪ ಕಾರ್ಟ್ರಿಜ್ ಹಾಳೆ, ಪೋಸ್ಟರ್ ಕಲರ್. ನೆಲಕ್ಕೆ ಬೂದಿ, ಸ್ವಲ್ಪ ನೀಲಿ ಬೆರೆಸಿದರೆ ಶಹಾಬಾದ ಕಲ್ಲಿನ ಬಣ್ಣ ಬರುತ್ತದೆ. ಇಳಕಲ್ ಸೀರೆಯ ಸೆರಗಿಗೆ ಗಾಢ ಕೆಂಪು. ಉಳಿದದ್ದನ್ನು ಕಣ್ಣಿಗೆ ಕಂಡ ಹಾಗೆ ಹಚ್ಚಿ. ಐದನೇ ವಾರ ಪೆನ್ಸಿಲ್, ಆರನೇ ವಾರ ಬಣ್ಣ.

ಗೊತ್ತಿರುವ ಮುಖವೇ ಯಾಕೆ

ಮಕ್ಕಳು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತಾರೆ. ಸಂತೆ ಯಾಕೆ ಅಕ್ಕೋರೆ, ಟಿಪ್ಪು ಸುಲ್ತಾನನ ಯುದ್ಧ ಬಿಡಿಸೋಣ ಅಂತಾರೆ. ಆವಾಗ ವಿಲ್ಕಿಯ ಇನ್ನೊಂದು ಚಿತ್ರ ತೋರಿಸುತ್ತೇನೆ. 1799 ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ರಾತ್ರಿ. ಡೇವಿಡ್ ಬೇರ್ಡ್ ಎಂಬ ಬ್ರಿಟಿಷ್ ಸೇನಾಪತಿ ಟಿಪ್ಪುವಿನ ಶವದ ಮುಂದೆ ನಿಂತಿದ್ದಾನೆ. ಬೇರ್ಡ್‌ನ ಹೆಂಡತಿ ಹೇಳಿ ಬರೆಸಿದ್ದು, 1839ರಲ್ಲಿ ಮುಗಿಯಿತು. ಶ್ರೀರಂಗಪಟ್ಟಣ ಬಿದ್ದ ಅದೇ ವರ್ಷವೇ ಹುಡುಗ ವಿಲ್ಕಿ ಎಡಿನ್‌ಬರೊಗೆ ಚಿತ್ರ ಕಲಿಯಲು ಹೋದದ್ದು. ಅವನು ಭಾರತಕ್ಕೆ ಯಾವತ್ತೂ ಬಂದಿಲ್ಲ. ಚಿತ್ರ ಆಳೆತ್ತರಕ್ಕಿಂತ ಬಹಳ ದೊಡ್ಡದು. ಕೆಲಸ ಗಟ್ಟಿ. ಆದರೆ ಎರಡು ಚಿತ್ರ ಪಕ್ಕ ಪಕ್ಕ ಇಟ್ಟು, ಯಾರ ಜೊತೆ ಮಾತಾಡಬೇಕು ಅನ್ನಿಸುತ್ತದೆ ಅಂತ ಕೇಳಿದರೆ ಮಕ್ಕಳ ಬೆರಳು ಪಿಟ್ಲೆಸ್ಸಿ ಕಡೆಗೇ ಹೋಗುತ್ತದೆ. ಅಲ್ಲಿ ಒಬ್ಬೊಬ್ಬರ ಮೂಗು ಅವನಿಗೆ ಗೊತ್ತಿತ್ತು. ತನ್ನ ಮನೆಯವರನ್ನೇ ಆ ಗುಂಪಿನಲ್ಲಿ ಸೇರಿಸಿದ್ದ.

ಕೊನೆಯ ಕೆಲಸ

ಚಿತ್ರ ಒಣಗಿದ ಮೇಲೆ ಶಾಲೆ ಗೋಡೆಗೆ ಅಂಟಿಸಬೇಡಿ. ಮುಂದಿನ ಸಂತೆಯ ದಿನ ತೆಗೆದುಕೊಂಡು ಹೋಗಿ. ಗುಡಿ ಕಟ್ಟೆಯ ಎರಡು ಕಂಬಕ್ಕೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ನೇತು ಹಾಕಿ. ಗಾಳಿಗೆ ಹಾರದ ಹಾಗೆ ಕೆಳಗೂ ಎರಡು ಕ್ಲಿಪ್, ಅದಕ್ಕೆ ಒಂದೊಂದು ಕಲ್ಲು ಕಟ್ಟಿ. ಪಕ್ಕದಲ್ಲೇ ಕೂತು ಜನ ಏನು ಹೇಳುತ್ತಾರೆ ಕೇಳಿ. ಮೊದಲು ತಮ್ಮನ್ನು ಹುಡುಕುತ್ತಾರೆ, ಆಮೇಲೆ ನೆರೆಮನೆಯವರನ್ನು.

ಹೋದ ವರ್ಷ ಈರುಳ್ಳಿ ಕಾಕಾ ಬಂದು ಸುಮ್ನೆ ನಿಂತು ನೋಡಿದರು. ಆಮೇಲೆ ಅಂದರು: "ಅಲ್ರಿ ಅಕ್ಕೋರೆ, ನಾ ತಕ್ಕಡಿ ಎಡಗೈಯಾಗ ಹಿಡಿತೀನ್ರಿ. ಇವ್ರು ಬಲಗೈಯಾಗ ಕೊಟ್ಟಾರ." ಬಿಡಿಸಿದ ಹುಡುಗ ಓಡಿ ಹೋಗಿ ಅವರ ಅಂಗಡಿ ಮುಂದೆ ಕೂತು ಮತ್ತೆ ಗೀಚಿಕೊಂಡ. ಬಣ್ಣ ಹಚ್ಚಿದ ಮೇಲೆ ಕೈ ಬದಲಿಸುವುದು ಕಷ್ಟ. ಆ ಜಾಗಕ್ಕೆ ಬಿಳಿ ಪೋಸ್ಟರ್ ಕಲರ್ ದಪ್ಪಗೆ ಎರಡು ಸಲ ಹಚ್ಚಿ, ಪೂರ್ತಿ ಒಣಗಿಸಿ, ಅದರ ಮೇಲೆ ಹೊಸದಾಗಿ ಬಿಡಿಸಬೇಕು. ಅದಕ್ಕೆ ಸಂತೆಗೆ ಹೋಗುವಾಗ ಚೀಲದಲ್ಲಿ ನೋಟ್‌ಬುಕ್, ಪೆನ್ಸಿಲ್, ಬಿಳಿ ಬಣ್ಣದ ಬಾಟಲಿ, ಒಂದು ಸಣ್ಣ ಬ್ರಷ್ ಇರಲಿ.